ತರಂಗದ ಲೆಕ್ಕ, ಬಡ್ಡಿಯ ಲೆಕ್ಕ

2022ರ ಜುಲೈ 26ರಂದು ಶುರುವಾದ 5ಜಿ ತರಂಗಾಂತರ ಹರಾಜು 40 ಸುತ್ತು ನಡೆದು ಆಗಸ್ಟ್ 1ಕ್ಕೆ ಮುಗಿಯಿತು. ಬಿಡ್‌ಗಳ ಒಟ್ಟು ಮೊತ್ತ ₹1,50,173 ಕೋಟಿ. ಅದರಲ್ಲಿ ಎಲ್ಲರ ಕಣ್ಣು ಬಿದ್ದದ್ದು 700 ಮೆಗಾಹರ್ಟ್ಸ್ ಬ್ಯಾಂಡಿನ ಮೇಲೆ. 2016ರಲ್ಲೂ 2021ರಲ್ಲೂ ಬೆಲೆ ಜಾಸ್ತಿಯಾಯಿತೆಂದು ಯಾರೂ ಕೈಹಾಕದೆ ಬಿಟ್ಟಿದ್ದ ಬ್ಯಾಂಡ್ ಅದು. ಈ ಬಾರಿ ಜಿಯೊ ದೇಶದ 22 ವಲಯಗಳಲ್ಲೂ 10 ಮೆಗಾಹರ್ಟ್ಸ್‌ನಂತೆ ಕೊಂಡಿತು. ಮೆಗಾಹರ್ಟ್ಸ್‌ಗೆ ₹3,927 ಕೋಟಿ. ಒಟ್ಟು ₹39,270 ಕೋಟಿ. ಏರ್‌ಟೆಲ್ ಅದೇ ಹರಾಜಿನಲ್ಲಿ ₹43,084 ಕೋಟಿ ಸುರಿದರೂ 700ರಲ್ಲಿ ಒಂದೇ ಒಂದು ಮೆಗಾಹರ್ಟ್ಸ್ ಕೊಳ್ಳಲಿಲ್ಲ.

ಎರಡೂ ಕಂಪನಿಗಳು ಅಳೆದು ತೂಗಿಯೇ ತೀರ್ಮಾನಿಸಿದ್ದವು. 700 ಮೆಗಾಹರ್ಟ್ಸ್ ತರಂಗ ದೂರ ಸಾಗುತ್ತದೆ, ಗೋಡೆ ದಾಟಿ ಮನೆಯೊಳಕ್ಕೂ ಬರುತ್ತದೆ. ಹಾಗಾಗಿ ಕಡಿಮೆ ಟವರ್ ಸಾಕು. 3300 ಮೆಗಾಹರ್ಟ್ಸ್ ಬ್ಯಾಂಡಿನಲ್ಲಿ ಹೆಚ್ಚು ಡೇಟಾ ಹಿಡಿಸುತ್ತದೆ, ಬೆಲೆ ಮೆಗಾಹರ್ಟ್ಸ್‌ಗೆ ₹317 ಕೋಟಿ ಮಾತ್ರ, ಆದರೆ ಅದರ ವ್ಯಾಪ್ತಿ ಚಿಕ್ಕದು. ಹಳೆಯ 4ಜಿ ಜಾಲದ ಆಸರೆಯಿಲ್ಲದೆ ನಿಲ್ಲುವ 5ಜಿ ಕಟ್ಟಲು ಹೊರಟ ಜಿಯೊಗೆ ದೂರ ಸಾಗುವ ಬ್ಯಾಂಡ್ ಬೇಕಿತ್ತು. ಏರ್‌ಟೆಲ್ 4ಜಿಯ ಬೆನ್ನ ಮೇಲೆಯೇ 5ಜಿ ಕೂರಿಸಿತು. ತನ್ನ ಬಳಿ ಇರುವ 900 ಮೆಗಾಹರ್ಟ್ಸ್ ಆ ಕೆಲಸಕ್ಕೆ ಸಾಕು ಎಂದು ಅದರ ಆಡಳಿತ ಹೂಡಿಕೆದಾರರಿಗೆ ವಿವರಿಸಿತು. ಸುಮಾರು ₹40 ಸಾವಿರ ಕೋಟಿಯ ಈ ಪ್ರಶ್ನೆಗೆ ಬರೀ ಆಂಟೆನಾ ಗೊತ್ತಿರುವವನು ಉತ್ತರಿಸಲಾರ, ಬರೀ ಬ್ಯಾಲೆನ್ಸ್ ಶೀಟ್ ಓದಬಲ್ಲವನೂ ಉತ್ತರಿಸಲಾರ.

ಎರಡನ್ನೂ ಒಟ್ಟಿಗೆ ಕಲಿಸುವ ಸ್ನಾತಕೋತ್ತರ ಪದವಿ ಹುಟ್ಟಿದ್ದು ಈ ಕಾರಣಕ್ಕೆ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಬೌಲ್ಡರ್ ಆವರಣದಲ್ಲಿ 1971ರಷ್ಟು ಹಿಂದೆಯೇ ಎಂಜಿನಿಯರಿಂಗ್, ವ್ಯವಹಾರ, ಕಾನೂನು ಮೂರನ್ನೂ ಬೆಸೆದ ದೂರಸಂಪರ್ಕ ಕಾರ್ಯಕ್ರಮ ಆರಂಭವಾಯಿತು. ಭಾರತದಲ್ಲಿ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು. ಮರುವರ್ಷವೇ ಪುಣೆಯಲ್ಲಿ ಸಿಂಬಯಾಸಿಸ್ ಸಂಸ್ಥೆ ಟೆಲಿಕಾಂ ನಿರ್ವಹಣೆಗೆಂದೇ ಒಂದು ಕಾಲೇಜು ತೆರೆಯಿತು. ಐಐಟಿ ದೆಹಲಿಯಲ್ಲಿ 2000ದಲ್ಲಿ ಭಾರ್ತಿ ಸಮೂಹದ ನೆರವಿನಿಂದ ಭಾರ್ತಿ ಸ್ಕೂಲ್ ಬಂತು. ಅಲ್ಲಿನ ಎಂ.ಟೆಕ್ ಪದವಿಯ ಹೆಸರಲ್ಲೇ ದೂರಸಂಪರ್ಕ ತಂತ್ರಜ್ಞಾನ ಮತ್ತು ನಿರ್ವಹಣೆ ಎರಡೂ ಇವೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಎಂಜಿನಿಯರಿಂಗ್ ಓದಿದವರಿಗೆ ಮಾಸ್ಟರ್ ಆಫ್ ಮ್ಯಾನೇಜ್‌ಮೆಂಟ್ ಇದೆ. ಲಂಡನ್ನಿನ ಯುಸಿಎಲ್‌ನಲ್ಲಿ ಟೆಲಿಕಮ್ಯುನಿಕೇಷನ್ಸ್ ವಿತ್ ಬಿಸಿನೆಸ್ ಎಂಬ ಒಂದು ವರ್ಷದ ಎಂಎಸ್‌ಸಿ ಇದೆ.

ಈ ಅಂಕಣದ ಲೇಖಕ ಈ ದಾರಿಗೆ ಬಂದದ್ದು ಡ್ರೈವ್ ಟೆಸ್ಟ್ ಕೆಲಸದಿಂದ. ಬೆಂಗಳೂರಿನಲ್ಲಿ ಟೆಲಿಕಮ್ಯುನಿಕೇಷನ್ ಬಿ.ಇ. ಮುಗಿಸಿ ಮೊಬೈಲ್ ಕಂಪನಿಯೊಂದರ ಗುತ್ತಿಗೆದಾರರ ಕೈಕೆಳಗೆ ಸೇರಿದವನಿಗೆ ಕೊಟ್ಟದ್ದು ಒಂದು ಕಾರು, ಒಂದು ಲ್ಯಾಪ್‌ಟಾಪ್, ಹಿಂದಿನ ಸೀಟಿನಲ್ಲಿ ಸ್ಟ್ಯಾಂಡಿಗೆ ಸಿಕ್ಕಿಸಿದ ನಾಲ್ಕು ಫೋನುಗಳು, ಕಾರಿನ ತಲೆಯ ಮೇಲೆ ಅಂಟಿಸಿದ ಜಿಪಿಎಸ್ ಆಂಟೆನಾ. ಫೋನುಗಳು ತಮ್ಮಷ್ಟಕ್ಕೆ ಕರೆ ಮಾಡುತ್ತ, ಕಡಿದುಕೊಳ್ಳುತ್ತ ಇರುತ್ತವೆ. ಲ್ಯಾಪ್‌ಟಾಪಿನ ನಕ್ಷೆಯ ಮೇಲೆ ರಸ್ತೆಯುದ್ದಕ್ಕೂ ಚುಕ್ಕಿಗಳು ಮೂಡುತ್ತ ಹೋಗುತ್ತವೆ. ಸಿಗ್ನಲ್ ಚೆನ್ನಾಗಿದ್ದಲ್ಲಿ ಹಸಿರು, ಬಿದ್ದಲ್ಲಿ ಕೆಂಪು. ತೀರ್ಥಹಳ್ಳಿ ದಾಟಿ ಆಗುಂಬೆಯ ಕಡೆ ಹೊರಟರೆ ಕೆಂಪೇ ಕೆಂಪು. ಇಲ್ಲೊಂದು ಟವರ್ ಬೇಕು ಎಂದು ಬರೆದು ಕಳಿಸಿದ ವರದಿಗಳೆಲ್ಲ ಹಣಕಾಸು ವಿಭಾಗದಿಂದ ಒಂದೇ ಷರಾದೊಂದಿಗೆ ವಾಪಸಾಗುತ್ತಿದ್ದವು: ಹೂಡಿಕೆ ಹುಟ್ಟುವುದಿಲ್ಲ.

ಆ ಷರಾದ ಹಿಂದಿನ ಲೆಕ್ಕವನ್ನು ಒಂದು ಊರಿಗೆ ಇಳಿಸಿ ನೋಡಬಹುದು. ಏರ್‌ಟೆಲ್ 2025ರ ಏಪ್ರಿಲ್–ಜೂನ್ ತ್ರೈಮಾಸಿಕದಲ್ಲಿ ತೋರಿಸಿದ ಪ್ರತಿ ಗ್ರಾಹಕನ ಸರಾಸರಿ ವರಮಾನ ತಿಂಗಳಿಗೆ ₹250. ಟವರಿನ ವ್ಯಾಪ್ತಿಯಲ್ಲಿ 400 ಗ್ರಾಹಕರಿದ್ದರೆ ತಿಂಗಳಿಗೆ ₹1 ಲಕ್ಷ. ಶೇ 8ರ ಪರವಾನಗಿ ಶುಲ್ಕ ಸರ್ಕಾರಕ್ಕೆ ಹೋದರೆ ಉಳಿಯುವುದು ₹92,000. ಇನ್ನು ಮುಂದಿನವು ಲೆಕ್ಕಕ್ಕೆಂದು ಇಟ್ಟುಕೊಂಡ ಅಂಕಿಗಳು. ಟವರ್ ಕಂಪನಿಯ ಬಾಡಿಗೆ, ಮೆಸ್ಕಾಂ ಬಿಲ್ಲು, ಮಳೆಗಾಲದಲ್ಲಿ ಕರೆಂಟು ಹೋದಾಗಿನ ಡೀಸೆಲ್, ಫೈಬರ್ ಸಂಪರ್ಕ, ನಿರ್ವಹಣೆ ಎಲ್ಲ ಸೇರಿ ₹80,000 ಆದರೆ ಕೈಗೆ ಉಳಿಯುವುದು ₹12,000. ಕಂಪನಿ ಹಾಕುವ ರೇಡಿಯೊ ಉಪಕರಣ ₹6 ಲಕ್ಷದ್ದಾದರೆ ಅದು ಹುಟ್ಟಲು 50 ತಿಂಗಳು ಬೇಕು, ಅದೂ ಬಡ್ಡಿ ಬಿಟ್ಟು. ಅದೇ ಟವರಿಗೆ ಇನ್ನೊಂದು ಕಂಪನಿ ಬಂದು ಬಾಡಿಗೆ ₹10,000 ಇಳಿದರೆ 28ನೇ ತಿಂಗಳಿಗೇ ಹಣ ವಾಪಸು. ಹಾಗಾದರೆ ಎಂಜಿನಿಯರ್ ಮಾಡಬೇಕಾದ ಕೆಲಸ ಬದಲಾಯಿತು. ಗುಡ್ಡದ ತುದಿಯಲ್ಲಿ ಸಿಗ್ನಲ್ಲಿಗೆ ಅತ್ಯುತ್ತಮವಾದ ಜಾಗ ಹುಡುಕುವ ಬದಲು, ಇಬ್ಬರಿಗೂ ಒಪ್ಪಿಗೆಯಾಗುವ, ರಸ್ತೆಯೂ ಕರೆಂಟೂ ಹತ್ತಿರವಿರುವ ಎರಡನೇ ಅತ್ಯುತ್ತಮ ಜಾಗವನ್ನು ಅವನು ಹುಡುಕಬೇಕು. ಇದನ್ನು ಬಿ.ಇ.ಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಲೇಖಕನ ತಂದೆ ದೂರವಾಣಿ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದವರು. ಮಗ ಕೆಲಸ ಬಿಟ್ಟು ಮತ್ತೆ ಓದಲು ಹೊರಟಾಗ ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆ. ‘ಟವರ್ ನಿಲ್ಲಿಸೋದು ಎಂಜಿನಿಯರ್ ಕೆಲಸ, ದುಡ್ಡಿನ ಲೆಕ್ಕ ಅಕೌಂಟ್ಸಿನೋರ ಕೆಲಸ. ಎರಡನ್ನೂ ಒಬ್ಬನೇ ಯಾಕೆ ಕಲೀಬೇಕು ಮಾರಾಯ?’

‘ನಮ್ಮೂರಿಗೆ ಟವರ್ ಬರದೇ ಇರೋದು ಎಂಜಿನಿಯರ್ ಇಲ್ಲ ಅಂತಲ್ಲ ಅಪ್ಪಯ್ಯ, ಲೆಕ್ಕ ಕೂಡಿಬರ್ತಿಲ್ಲ ಅಂತ.’

ತಂದೆಗೆ ಇದು ಬೇಗ ಅರ್ಥವಾಯಿತು. ಅವರ ಕಾಲದಲ್ಲೇ ಅಂಥದ್ದೊಂದು ಆಗಿಹೋಗಿತ್ತು. ಸಿ-ಡಾಟ್ ಸಂಸ್ಥೆ ರೂಪಿಸಿದ 128 ಲೈನುಗಳ ಗ್ರಾಮೀಣ ಎಕ್ಸ್‌ಚೇಂಜ್ 1986ರಲ್ಲಿ ಮೊದಲು ಕೆಲಸಕ್ಕಿಳಿದದ್ದು ನಮ್ಮ ಕಿತ್ತೂರಿನಲ್ಲಿ. ಹವಾನಿಯಂತ್ರಣ ಬೇಡದ, ಧೂಳು–ಸೆಕೆ ತಡೆಯುವ ಯಂತ್ರ ಅದು. ಎ.ಸಿ. ಬೇಡ ಎಂದು ವಿನ್ಯಾಸದ ಹಂತದಲ್ಲೇ ನಿರ್ಧರಿಸಿದ್ದರಿಂದ ಹಳ್ಳಿಯ ಒಂದು ಸಾದಾ ಕೋಣೆಯಲ್ಲಿ ಎಕ್ಸ್‌ಚೇಂಜ್ ಇಡುವುದು ಸಾಧ್ಯವಾಯಿತು.

ಹೀಗೆ ಸೇರಿದ ಸ್ನಾತಕೋತ್ತರ ಓದಿನಲ್ಲಿ ಅತ್ಯಂತ ಬೆಲೆಬಾಳಿದ್ದು ಯಾವುದು ಎಂದು ಕೇಳಿದರೆ ಈ ಲೇಖಕ ಹೇಳುವುದು ನಿಯಂತ್ರಣ ಮತ್ತು ಪರವಾನಗಿ ಕುರಿತ ಪತ್ರಿಕೆ. ಪರವಾನಗಿ ಒಪ್ಪಂದದಲ್ಲಿ ಶುಲ್ಕಕ್ಕೆ ಆಧಾರವಾದ ‘ಹೊಂದಾಣಿಕೆ ಮಾಡಲಾದ ಒಟ್ಟು ವರಮಾನ’, ಅಂದರೆ ಎಜಿಆರ್, ಯಾವುದನ್ನೆಲ್ಲ ಒಳಗೊಳ್ಳುತ್ತದೆ ಎಂಬ ಕಲಮನ್ನು ಪ್ರಾಧ್ಯಾಪಕರು ಸಾಲು ಸಾಲಾಗಿ ಓದಿಸಿದ್ದರು. ಕರೆಯ ಹಣ ಸರಿ. ಠೇವಣಿ ಬಡ್ಡಿ, ಬಾಡಿಗೆ, ಹಳೆ ಸಾಮಾನು ಮಾರಿದ ಹಣ? ಕಂಪನಿಗಳು ಸೇರದು ಎಂದವು, ದೂರಸಂಪರ್ಕ ಇಲಾಖೆ ಸೇರುತ್ತದೆ ಎಂದಿತು. ತರಗತಿಯಲ್ಲಿ ಒಣ ವಿಷಯದಂತೆ ಕಂಡ ಆ ಕಲಮಿನ ಮೇಲೆ 2019ರ ಅಕ್ಟೋಬರ್ 24ರಂದು ಸುಪ್ರೀಂ ಕೋರ್ಟ್ ಇಲಾಖೆಯ ಪರ ತೀರ್ಪು ಕೊಟ್ಟಿತು. ಬಡ್ಡಿ, ದಂಡ ಸೇರಿ ಉದ್ಯಮದ ಬಾಕಿ ಸುಮಾರು ₹1.47 ಲಕ್ಷ ಕೋಟಿ ಎಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ಆ ಹೊತ್ತಿಗೆ ಏರ್‌ಸೆಲ್, ರಿಲಯನ್ಸ್ ಕಮ್ಯುನಿಕೇಷನ್ಸ್ ದಿವಾಳಿ ಪ್ರಕ್ರಿಯೆಗೆ ಹೋಗಿದ್ದವು, ಟಾಟಾದ ಮೊಬೈಲ್ ವ್ಯವಹಾರ ಏರ್‌ಟೆಲ್‌ಗೆ ಸೇರಿತ್ತು, ವೊಡಾಫೋನ್–ಐಡಿಯಾ 2018ರಲ್ಲೇ ಒಂದಾಗಿದ್ದವು.

ಆದ್ದರಿಂದ ಸಾಲದ ಮಾತಿಗೆ ಹೋಗುವ ಮುನ್ನ ಒಂದು ಎಚ್ಚರ ಬೇಕು. ಮೊಬೈಲ್ ಸೇವೆ ಕೊಡುವ ಕಂಪನಿಗಳು ಈಗ ಬೆರಳೆಣಿಕೆಯಷ್ಟು. ಅವರೇ ಕೆಲಸ ಕೊಡುತ್ತಾರೆ ಎಂಬ ಒಂದೇ ಭರವಸೆಯ ಮೇಲೆ ಲಕ್ಷಗಟ್ಟಲೆ ಸಾಲ ತೆಗೆಯುವುದು ಸಲ್ಲ. ಕೆಲಸ ಇರುವುದು ಈಗ ಟವರ್ ಕಂಪನಿಗಳಲ್ಲಿ, ಡೇಟಾ ಸೆಂಟರ್‌ಗಳಲ್ಲಿ, ಬೆಂಗಳೂರಿನ ನೋಕಿಯಾ, ಎರಿಕ್ಸನ್, ಸ್ಯಾಮ್‌ಸಂಗ್ ಕೇಂದ್ರಗಳಲ್ಲಿ, ಉಪಕರಣ ತಯಾರಕರಲ್ಲಿ. ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ಗೆ ಬಿಎಸ್‌ಎನ್‌ಎಲ್‌ನ ಸುಮಾರು 1 ಲಕ್ಷ ತಾಣಗಳಿಗೆ ಉಪಕರಣ ಪೂರೈಸಲು 2023ರಲ್ಲಿ ಟಿಸಿಎಸ್‌ನಿಂದ ಬಂದ ಆರ್ಡರ್ ₹7,492 ಕೋಟಿಯದು. ಅಂಥ ಆರ್ಡರಿನಲ್ಲಿ ಯಂತ್ರ ಮೊದಲು ತಯಾರಾಗಬೇಕು, ಹಣ ಕೈಸೇರುವುದು ಆಮೇಲೆ. ಬಿಡಿಭಾಗಕ್ಕೆ ಎಷ್ಟು ಹಣ ಎಷ್ಟು ದಿನ ಸಿಕ್ಕಿಹಾಕಿಕೊಳ್ಳುತ್ತದೆ ಎಂದು ಹೇಳಬಲ್ಲ ಎಂಜಿನಿಯರಿಗೆ ಅಲ್ಲಿ ಬೇಡಿಕೆ ಇದ್ದೇ ಇರುತ್ತದೆ. ಲೇಖಕನ ಸಹಪಾಠಿಯೊಬ್ಬ ಸೇರಿದ್ದ ಮೊಬೈಲ್ ಕಂಪನಿ ಮುಚ್ಚಿತು. ಬಾಡಿಗೆ ಕರಾರು ಓದಲು ಬರುತ್ತಿತ್ತು ಎಂಬ ಕಾರಣಕ್ಕೇ ಅವನಿಗೆ ಟವರ್ ಕಂಪನಿಯಲ್ಲಿ ಕೆಲಸ ಸಿಕ್ಕಿತು.

ಈಗ ಸಾಲ. ಬ್ಯಾಂಕುಗಳ ಸಂಘದ ಮಾದರಿ ಶಿಕ್ಷಣ ಸಾಲ ಯೋಜನೆಯಂತೆ ₹7.5 ಲಕ್ಷ ದಾಟಿದರೆ ಆಸ್ತಿ ಅಡಮಾನ ಇಡಬೇಕು. ಮನೆಯ ಮೇಲೆ ಸಾಲ ಬರೆಸಲು ಇಷ್ಟವಿಲ್ಲದ ಈ ಲೇಖಕ ಸಾಲವನ್ನು ಆ ಗೆರೆಯೊಳಗೇ ನಿಲ್ಲಿಸಿ ಉಳಿದದ್ದನ್ನು ಕೆಲಸದಲ್ಲಿ ಕೂಡಿಟ್ಟ ಹಣದಿಂದ ತುಂಬಿದ. ಮಂಜೂರಾತಿ ಪತ್ರ ಕೈಗೆ ಬಂದಾಗ ಅದರ ಎರಡನೇ ಪುಟದಲ್ಲಿ ಕೇಳದೇ ಇದ್ದ ಒಂದು ವಿಮೆಯ ಕಂತು ಅಸಲಿಗೆ ಸೇರಿಕೊಂಡಿತ್ತು. ಕಡ್ಡಾಯ ಎಂದರು ಶಾಖೆಯಲ್ಲಿ. ಯಾವ ನಿಯಮದಡಿ ಕಡ್ಡಾಯ ಎಂದು ಬರೆದು ಕೊಡಿ ಎಂದು ಅರ್ಜಿ ಕೊಟ್ಟ ಮೇಲೆ ಹೊಸ ಪತ್ರ ಬಂತು, ವಿಮೆ ಇರಲಿಲ್ಲ. ಅಸಲಿಗೆ ಸೇರಿದ ಪ್ರತಿ ರೂಪಾಯಿಗೂ ಹತ್ತು ವರ್ಷ ಬಡ್ಡಿ ಓಡುತ್ತದೆ. ಪತ್ರದ ಪ್ರತಿ ಸಾಲನ್ನೂ ಓದಲೇಬೇಕು.

ಬಹಳ ಮನೆಗಳಲ್ಲಿ ಕೇಳುವ ಮಾತು, ‘ಓದು ಮುಗಿಯೋವರೆಗೆ ಕಟ್ಟೋದೇನೂ ಇಲ್ಲವಲ್ಲ’ ಎಂಬುದು. ಕಂತು ಇಲ್ಲ, ನಿಜ, ಬಡ್ಡಿ ಇದೆ. ₹15 ಲಕ್ಷ ಸಾಲ, ಶೇ 10 ಬಡ್ಡಿ, ಎರಡು ವರ್ಷದ ಓದು, ಆಮೇಲೊಂದು ವರ್ಷ ಬಿಡುವು ಎಂದುಕೊಳ್ಳೋಣ. ಹಣ ಪೂರ್ತಿ ಮೊದಲೇ ಬಿಡುಗಡೆಯಾದರೆ ಮೂರು ವರ್ಷದ ಸರಳ ಬಡ್ಡಿ ₹4.5 ಲಕ್ಷ. ಅದು ಅಸಲಿಗೆ ಸೇರಿ ₹19.5 ಲಕ್ಷವಾದಾಗ ಹತ್ತು ವರ್ಷದ ಕಂತು ತಿಂಗಳಿಗೆ ಸುಮಾರು ₹25,770. ಆ ಮೂರು ವರ್ಷವೂ ತಿಂಗಳಿಗೆ ₹12,500ರಂತೆ ಬಡ್ಡಿ ಕಟ್ಟುತ್ತ ಬಂದರೆ ಕಂತು ಸುಮಾರು ₹19,820ಕ್ಕೆ ನಿಲ್ಲುತ್ತದೆ. ಹತ್ತು ವರ್ಷದಲ್ಲಿ ಇವೆರಡರ ಅಂತರ ₹7 ಲಕ್ಷಕ್ಕೂ ಮಿಗಿಲು. ಓದುವ ಅವಧಿಯಲ್ಲಿ ಬಡ್ಡಿ ಕಟ್ಟುವವರಿಗೆ ಶೇ 1ರಷ್ಟು ರಿಯಾಯಿತಿಗೂ ಮಾದರಿ ಯೋಜನೆಯಲ್ಲಿ ಅವಕಾಶವಿದೆ. ಕೇಳಿದವರಿಗೆ ಸಿಗುತ್ತದೆ, ಈ ಲೇಖಕನಿಗೆ ಸಿಕ್ಕಿದ್ದು ಕೇಳಿದ್ದರಿಂದಲೇ. ಬಡ್ಡಿಯ ಮೇಲಿನ ತೆರಿಗೆ ವಿನಾಯಿತಿ, ಎಲ್ಲರೂ 80ಇ ಎಂದು ಕರೆಯುವುದು, ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ ಸಿಗುತ್ತದೆ.

2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಿಂದ ಒಂದು ದೊಡ್ಡ ಅನುಕೂಲವಾಗಿದೆ. ಪಟ್ಟಿಯಲ್ಲಿರುವ ಉನ್ನತ ದರ್ಜೆಯ ಸಂಸ್ಥೆಗಳಿಗೆ ಸೇರಿದವರಿಗೆ ಅಡಮಾನವಿಲ್ಲ, ಜಾಮೀನುದಾರರೂ ಬೇಡ. ಕುಟುಂಬದ ವಾರ್ಷಿಕ ಆದಾಯ ₹8 ಲಕ್ಷದವರೆಗೆ ಇದ್ದರೆ ₹10 ಲಕ್ಷದವರೆಗಿನ ಸಾಲಕ್ಕೆ ಬಿಡುವಿನ ಅವಧಿಯಲ್ಲಿ ಶೇ 3ರ ಬಡ್ಡಿ ಸಹಾಯಧನದ ಅವಕಾಶವೂ ಇದೆ.

ಲಂಡನ್ನಿನ ಕತೆ ಬೇರೆ. ಯುಸಿಎಲ್‌ನ ಆ ಕೋರ್ಸಿಗೆ ವಿದೇಶಿ ವಿದ್ಯಾರ್ಥಿಗಳ ಶುಲ್ಕವೇ 30 ಸಾವಿರ ಪೌಂಡ್ ದಾಟುತ್ತದೆ. ಅದರ ಮೇಲೆ ಊಟ–ವಸತಿ, ಬ್ಯಾಂಕ್ ಕೊಡದೆ ನಾವೇ ಹಾಕಬೇಕಾದ ಶೇ 15ರ ಮಾರ್ಜಿನ್, ವೀಸಾಕ್ಕೆಂದು 28 ದಿನ ಖಾತೆಯಲ್ಲಿ ತೋರಿಸಬೇಕಾದ ಹಣ. ಓದು ಮುಗಿದ ಮೇಲೆ ಅಲ್ಲಿ ಕೆಲಸ ಹುಡುಕಲು ಸಿಗುವ ಎರಡು ವರ್ಷದ ಅವಧಿಯನ್ನೂ 2027ರ ಜನವರಿಯಿಂದ 18 ತಿಂಗಳಿಗೆ ಇಳಿಸಲು ಬ್ರಿಟನ್ ತೀರ್ಮಾನಿಸಿದೆ. ಪೌಂಡಿನಲ್ಲಿ ಖರ್ಚು ಮಾಡಿ ರೂಪಾಯಿಯಲ್ಲಿ ತೀರಿಸುವುದಾದರೆ ಈ ಲೆಕ್ಕ ಸಾಮಾನ್ಯ ಮನೆಗೆ ಕೂಡಿಬರುವುದಿಲ್ಲ. ಎರಡು ವರ್ಷ ಕೆಲಸ ಮಾಡಿದವರಿಗೆ ಬ್ರಿಟಿಷ್ ಸರ್ಕಾರದ ಚೀವನಿಂಗ್ ವಿದ್ಯಾರ್ಥಿವೇತನವಿದೆ. ಅದು ಸಿಕ್ಕರೆ ಕಣ್ಣುಮುಚ್ಚಿ ಹೋಗಬಹುದು. ಓದು ಮುಗಿಸಿ ದೇಶಕ್ಕೆ ಮರಳಿ ಕನಿಷ್ಠ ಎರಡು ವರ್ಷ ಇಲ್ಲಿರಬೇಕೆಂಬ ಷರತ್ತು ಅದಕ್ಕಿದೆ.

ಹಾಗಾದರೆ ಯಾರು ಸೇರಬೇಕು? ಎರಡು–ಮೂರು ವರ್ಷ ಜಾಲದ ಕೆಲಸ ಮಾಡಿ, ತನ್ನ ವರದಿ ಏಕೆ ವಾಪಸು ಬಂತು ಎಂಬ ಪ್ರಶ್ನೆ ತಲೆಯಲ್ಲಿ ಉಳಿದವರಿಗೆ ಈ ಓದು ಹುಟ್ಟುತ್ತದೆ. ಬಿ.ಇ. ಮುಗಿದ ಕೂಡಲೇ ಸೇರುವವರು ಪಠ್ಯಕ್ರಮ ತರಿಸಿಕೊಂಡು ನೋಡಲಿ: ರೇಡಿಯೊ ಜಾಲದ ಯೋಜನೆಯೂ ಇರಬೇಕು, ವೆಚ್ಚ ಲೆಕ್ಕಶಾಸ್ತ್ರ, ಪರವಾನಗಿ ನಿಯಮಗಳೂ ಇರಬೇಕು. ಮಾಮೂಲಿ ಎಂಬಿಎಗೆ ಟೆಲಿಕಾಂ ಎಂಬ ಎರಡು ಪತ್ರಿಕೆ ಅಂಟಿಸಿ ದುಬಾರಿ ಶುಲ್ಕ ಕೇಳುವ ಕಡೆ ಸಾಲ ಮಾಡಿ ಸೇರುವುದು ಬೇಡ.

ಸಾಲಕ್ಕಿಂತ ಮೊದಲು ನೋಡಬೇಕಾದದ್ದು ಎಂ.ಟೆಕ್ ಪ್ರವೇಶದ ಗೇಟ್ ಪರೀಕ್ಷೆ. ಗೇಟ್ ಅಂಕದ ಮೇಲೆ ಎಂ.ಟೆಕ್ ಸೇರಿದವರಿಗೆ ತಿಂಗಳಿಗೆ ₹12,400 ವಿದ್ಯಾರ್ಥಿವೇತನ ಸಿಗುತ್ತದೆ. 24 ತಿಂಗಳಿಗೆ ಅದು ₹2,97,600. ಮೇಲಿನ ಲೆಕ್ಕದ ₹15 ಲಕ್ಷ ಸಾಲದ ತಿಂಗಳ ಬಡ್ಡಿಗೂ ಇದಕ್ಕೂ ನೂರು ರೂಪಾಯಿ ವ್ಯತ್ಯಾಸ, ಐಐಟಿಗಳಲ್ಲಿ ಎಂ.ಟೆಕ್‌ಗೆ ಅಷ್ಟು ಸಾಲ ಬೇಕಾಗುವುದೂ ಇಲ್ಲ. ನೋಂದಣಿ ಸಾಮಾನ್ಯವಾಗಿ ಆಗಸ್ಟ್ ಕೊನೆಗೆ ತೆರೆಯುತ್ತದೆ, ಪರೀಕ್ಷೆ ಫೆಬ್ರುವರಿಯಲ್ಲಿ, ಅಂಕ ಮೂರು ವರ್ಷ ಊರ್ಜಿತ. ಕೆಲಸದಲ್ಲಿ ಇದ್ದುಕೊಂಡೇ ಬರೆಯಬಹುದು.