ಒಪ್ಪಿಕೊಂಡು ಕೆಟ್ಟ ವ್ಯಾಪಾರಿಗಳು

ಮಾಡದ ತಪ್ಪನ್ನು ಒಪ್ಪಿಕೊಂಡು ಸಹಿ ಹಾಕಿ ಬಂದವರನ್ನು ಪೊಲೀಸ್ ಠಾಣೆಗಳ ಬಾಗಿಲಲ್ಲಿ ಬೇಕಾದಷ್ಟು ನೋಡಿದ್ದೇನೆ. ಈಗ ಜನ ಅದೇ ಕೆಲಸವನ್ನು ಮನೆಯಲ್ಲಿ ಕೂತು, ಮೊಬೈಲಿನಲ್ಲಿ, ಯಾರೂ ಗದರಿಸದೆಯೇ ಮಾಡುತ್ತಿದ್ದಾರೆ. ಅದರ ಮೇಲೆ ದುಡ್ಡನ್ನೂ ಕೊಡುತ್ತಿದ್ದಾರೆ.

ಚೆನ್ನೈನ ಪೋರೂರು, ಮುಗಲಿವಾಕ್ಕಂ, ರಾಮಾಪುರಂ ಸುತ್ತ ಮನೆಯ ಒಂದು ಕೋಣೆಯನ್ನೇ ಗೋಡೌನು ಮಾಡಿಕೊಂಡು ಆನ್‌ಲೈನಿನಲ್ಲಿ ಮಾರುವವರು ಬಹಳ. ಐಟಿ ಕೆಲಸ ಬಿಟ್ಟವರು, ಮಕ್ಕಳನ್ನು ಶಾಲೆಗೆ ಕಳಿಸಿ ಪ್ಯಾಕಿಂಗಿಗೆ ಕೂರುವ ಗೃಹಿಣಿಯರು; ಅವರಲ್ಲಿ ನಮ್ಮ ಕನ್ನಡದವರೂ ಇದ್ದಾರೆ. ಸೌಕಾರ್‌ಪೇಟೆಯಿಂದ ಅಡುಗೆಮನೆಯ ಸಾಮಾನು, ರಿಚಿ ಸ್ಟ್ರೀಟಿನಿಂದ ಮೊಬೈಲ್ ಕವರು, ಊರಿಗೆ ಹೋದಾಗ ಚನ್ನಪಟ್ಟಣದ ಗೊಂಬೆ. ಒಂದು ದಿನ ಮೇಲ್ ಬರುತ್ತದೆ: ಬ್ರ್ಯಾಂಡ್ ನೀತಿ ಉಲ್ಲಂಘನೆ, ಲಿಸ್ಟಿಂಗ್ ತೆಗೆಯಲಾಗಿದೆ, ಅಕೌಂಟು ತಡೆಹಿಡಿಯಲಾಗಿದೆ. ಬರಬೇಕಾದ ಹಣವೂ ಅಲ್ಲೇ ನಿಂತಿರುತ್ತದೆ. ವಕೀಲರ ನೆನಪು ಆಗ ಯಾರಿಗೂ ಬರುವುದಿಲ್ಲ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಅಕೌಂಟು ತೆರೆಸಿಕೊಡುತ್ತೇವೆ, ಗ್ಯಾರಂಟಿ’ ಎನ್ನುವವನ ನೆನಪು ಬರುತ್ತದೆ.

ನನ್ನ ಬಳಿ ಬಂದ ಒಬ್ಬ ಹೆಣ್ಣುಮಗಳ ಪ್ರಕರಣ ಕೇಳಿ. ಹೆಸರಾಂತ ಫೋನಿಗೆ ಹೊಂದುವ ಕವರು ಮಾರುತ್ತಿದ್ದರು. ಕವರಿನ ಮೇಲೆ ಆ ಕಂಪನಿಯ ಹೆಸರೂ ಇಲ್ಲ, ಗುರುತೂ ಇಲ್ಲ. ಆದರೆ ಲಿಸ್ಟಿಂಗಿನ ಶೀರ್ಷಿಕೆ ಶುರುವಾಗುವುದೇ ಆ ಕಂಪನಿಯ ಹೆಸರಿನಿಂದ, ‘ಬ್ರ್ಯಾಂಡ್’ ಎಂಬ ಖಾನೆಯಲ್ಲೂ ಅದೇ ಹೆಸರು. ದೂರು ಬಂತು. ಅಂಥ ಗ್ಯಾರಂಟಿ ಕೊಡುವ ಏಜೆಂಟ್ ಮಹಾಶಯನೊಬ್ಬ ಇಂಗ್ಲಿಷಿನಲ್ಲಿ ಒಂದು ಪತ್ರ ಬರೆದುಕೊಟ್ಟ: ನಾನು ನಕಲಿ ಮಾಲು ಮಾರಿದ್ದೇನೆ, ತಪ್ಪಾಯಿತು, ದಾಸ್ತಾನು ನಾಶ ಮಾಡಿದ್ದೇನೆ, ಇನ್ನು ಮಾರುವುದಿಲ್ಲ. ದೂರು ಹಿಂದಕ್ಕೆ ಪಡೆಯಿರಿ ಎಂದು ಅದೇ ಪತ್ರವನ್ನು ಫೋನ್ ಕಂಪನಿಗೂ ಕಳಿಸಿದ. ಅಕೌಂಟು ತೆರೆಯಿತು. ಆಮೇಲೆ ಕಂಪನಿಯ ವಕೀಲರ ನೋಟಿಸು ಬಂತು, ಪರಿಹಾರ ಕೊಡಿ ಎಂದು. ಅದಕ್ಕೆ ಸಾಕ್ಷ್ಯವಾಗಿ ಲಗತ್ತಿಸಿದ್ದು ಈಕೆಯದೇ ಪತ್ರ. ನನ್ನ ಬಳಿ ಬಂದದ್ದು ಅಷ್ಟೆಲ್ಲ ಆದಮೇಲೆ. ಕೊನೆಗೆ ಹಣ ಕೊಟ್ಟು ರಾಜಿ ಮಾಡಿಕೊಳ್ಳುವುದೊಂದೇ ಉಳಿದಿತ್ತು.

ಆಕೆ ಮಾರಿದ್ದು ನಕಲಿಯೇ ಅಲ್ಲ. ಟ್ರೇಡ್‌ಮಾರ್ಕ್ ಕಾಯ್ದೆ, 1999ರ ಕಲಂ 30(2)(ಡಿ) ಇಂಥವರಿಗಾಗಿಯೇ ಇದೆ. ಬಿಡಿಭಾಗವೋ ಪೂರಕ ವಸ್ತುವೋ ಯಾವ ಫೋನಿಗೆ, ಯಾವ ಮಿಕ್ಸಿಗೆ ಹೊಂದುತ್ತದೆ ಎಂದು ತಿಳಿಸಲು ಅಗತ್ಯವಾದಷ್ಟು ಮಟ್ಟಿಗೆ ಇನ್ನೊಬ್ಬರ ಬ್ರ್ಯಾಂಡ್ ಹೆಸರನ್ನು ಬಳಸಬಹುದು. ಆದರೆ ಆ ಕಂಪನಿಯೇ ಮಾಡಿದ್ದು ಅಥವಾ ಅದರ ಒಪ್ಪಿಗೆ ಇದೆ ಎಂಬ ಭಾವನೆ ಕೊಳ್ಳುವವರಿಗೆ ಬರಬಾರದು. ‘ಇಂಥ ಫೋನಿಗೆ ಹೊಂದುವ ಕವರು’ ಎಂದರೆ ಕಾನೂನು ನಿಮ್ಮ ಕಡೆ. ‘ಇಂಥ ಕಂಪನಿಯ ಕವರು’ ಎಂದರೆ ಅವರ ಕಡೆ. ಈಕೆ ಬರೆಯಬೇಕಿದ್ದುದು ಇಷ್ಟೇ: ಲಿಸ್ಟಿಂಗಿನ ಪದಜೋಡಣೆ ಸರಿಯಿರಲಿಲ್ಲ, ತಿದ್ದಿದ್ದೇನೆ, ಮಾಲು ನಕಲಿಯಲ್ಲ, ಅದರ ಮೇಲೆ ಯಾರ ಗುರುತೂ ಇಲ್ಲ, ಖರೀದಿ ಬಿಲ್ಲು ಇದರೊಂದಿಗಿದೆ. ಬರಹದ ತಪ್ಪನ್ನು ಒಪ್ಪಿಕೊಳ್ಳುವುದು ಬೇರೆ, ನಕಲಿ ಮಾರಿದೆ ಎಂದು ಒಪ್ಪಿಕೊಳ್ಳುವುದು ಬೇರೆ. ಎರಡನೆಯದಕ್ಕೆ ಕಲಂ 103 ಮತ್ತು 104ರಲ್ಲಿ ಆರು ತಿಂಗಳಿನಿಂದ ಮೂರು ವರ್ಷದವರೆಗೆ ಸೆರೆವಾಸ, 50,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡ ಇದೆ.

ಆದ್ದರಿಂದ ಮೇಲ್ ಬಂದಾಗ ಮೊದಲು ಮಾಡಬೇಕಾದದ್ದು ಅದನ್ನು ಪೂರ್ತಿ ಓದುವುದು. ಇಂಗ್ಲಿಷ್ ಕಷ್ಟವಾದರೆ ಮಕ್ಕಳಿಂದ ಓದಿಸಿಕೊಳ್ಳಿ, ನಾಚಿಕೆ ಬೇಡ. ದೂರು ಕೊಟ್ಟದ್ದು ಬ್ರ್ಯಾಂಡ್ ಮಾಲೀಕರೋ, ಅಥವಾ ಆನ್‌ಲೈನ್ ಮಾರುಕಟ್ಟೆಯ ಯಂತ್ರವೇ ಅನುಮಾನಪಟ್ಟಿದೆಯೋ? ಮಾಲೀಕರ ದೂರಾದರೆ ಅವರ ಇಮೇಲ್ ವಿಳಾಸ ಸಾಮಾನ್ಯವಾಗಿ ಆ ಮೇಲ್‌ನಲ್ಲೇ ಇರುತ್ತದೆ. ಅಲ್ಲಿಗೆ ಬರೆಯಬಹುದು, ಆದರೆ ಮೇಲೆ ಹೇಳಿದ ಎಚ್ಚರದಿಂದ. ಇನ್ನೊಂದು ಬಗೆ ಇದೆ, ಸಣ್ಣವರಿಗೆ ಹೆಚ್ಚು ಬರುವುದು ಇದೇ: ಹೆಸರೇ ಇಲ್ಲದ ಮಾಲಿಗೆ ನೀವೇ ಒಂದು ಹೆಸರಿಟ್ಟು ಬ್ರ್ಯಾಂಡ್ ಖಾನೆಯಲ್ಲಿ ತುಂಬಿರುತ್ತೀರಿ. ವಸ್ತುವಿನ ಮೇಲಾಗಲಿ ಡಬ್ಬಿಯ ಮೇಲಾಗಲಿ ಆ ಹೆಸರು ಅಚ್ಚಾಗಿರುವುದಿಲ್ಲ. ಫೋಟೋದಲ್ಲಿ ಕಂಪ್ಯೂಟರಿನಿಂದ ಹೆಸರು ಅಂಟಿಸಿ ಕಳಿಸಿದರೆ ಅದೂ ಸಿಕ್ಕಿಬೀಳುತ್ತದೆ. ಇದು ಟ್ರೇಡ್‌ಮಾರ್ಕ್ ಅಪರಾಧವಲ್ಲ, ಬರಿಯ ನೀತಿಯ ತೊಡಕು. ಒಂದೋ ‘ಬ್ರ್ಯಾಂಡ್ ಇಲ್ಲ’ ಎಂದು ಹಾಕಿ, ಇಲ್ಲವೇ ಹೆಸರನ್ನು ಅಳಿಸಿ ಹೋಗದಂತೆ ಮುದ್ರಿಸಿ ಫೋಟೋ ತೆಗೆಯಿರಿ. ಇದಕ್ಕೂ ಕ್ಷಮಾಪಣೆ ಪತ್ರ ಬರೆಸಿಕೊಂಡು ಬರುವವರಿದ್ದಾರೆ!

ಇನ್ನು ಬಿಲ್ಲಿನ ಮಾತು. ಅಸಲಿ ಮಾಲನ್ನು ನ್ಯಾಯವಾಗಿ ಕೊಂಡವರು ಅದನ್ನು ಮತ್ತೆ ಮಾರಬಹುದು ಎಂದು ಕಲಂ 30(3) ಹೇಳುತ್ತದೆ. ಮೈಸೂರು ಸ್ಯಾಂಡಲ್ ಸೋಪನ್ನು ವಿತರಕರಿಂದ ಬಿಲ್ಲು ಪಡೆದು ಕೊಂಡ ನಿಮಗೆ ಮಾರಲು ಮತ್ತೊಂದು ಅನುಮತಿ ಪತ್ರ ಬೇಕೆಂದು ಕಾನೂನು ಹೇಳುವುದಿಲ್ಲ. ವಿದೇಶದಲ್ಲಿ ಕೊಂಡ ಅಸಲಿ ಮಾಲಿಗೂ ಇದು ಅನ್ವಯಿಸುತ್ತದೆಂದು ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ 2012ರಲ್ಲಿ ಕಪಿಲ್ ವಾಧ್ವಾ ಮತ್ತು ಸ್ಯಾಮ್‌ಸಂಗ್ ನಡುವಿನ ಪ್ರಕರಣದಲ್ಲಿ ಹೇಳಿತು. ಸರಿ, ಇಲ್ಲಿಗೆ ಮುಗಿಯಿತೆ? ಇಲ್ಲ. ಮಾಲಿನ ಸ್ಥಿತಿ ಬದಲಾಗಿದ್ದರೆ, ಹಾಳಾಗಿದ್ದರೆ, ಕಲಂ 30(4)ರಲ್ಲಿ ಮಾಲೀಕರು ತಡೆಯಬಹುದು. ಮತ್ತೆ, ಕಾನೂನು ಬಿಟ್ಟರೂ ಮಾರುಕಟ್ಟೆಯ ಒಪ್ಪಂದ ಬಿಡದಿರಬಹುದು. ಬ್ರ್ಯಾಂಡಿನ ಅನುಮತಿ ಪತ್ರ ಕೇಳುವ ಹಕ್ಕನ್ನು ಅವರು ಒಪ್ಪಂದದಲ್ಲೇ ಬರೆದುಕೊಂಡಿರುತ್ತಾರೆ. ನೀವು ಓದದೆ ಒತ್ತಿದ ‘ಒಪ್ಪಿದೆ’ ಗುಂಡಿ ಅದು.

ಮಾರುಕಟ್ಟೆಯವರು ಬಿಲ್ಲು ಕೇಳಿದಾಗ ನಿಮ್ಮ ಕೈಯಲ್ಲಿ ಇರುವುದೇನು? ಸೌಕಾರ್‌ಪೇಟೆಯ ಸಗಟು ಅಂಗಡಿಯವನು ಕೊಟ್ಟ ‘ಎಸ್ಟಿಮೇಟ್’ ಚೀಟಿ. ಅಂಗಡಿಯ ಹೆಸರೂ ಇಲ್ಲ, ಜಿಎಸ್‌ಟಿ ಸಂಖ್ಯೆಯೂ ಇಲ್ಲ. ತೆರಿಗೆ ಉಳಿಯಿತೆಂದು ಅಂದು ಇಬ್ಬರಿಗೂ ಖುಷಿ. ಇಂದು ಏಜೆಂಟ್ ಹೇಳುತ್ತಾನೆ, ‘ಮೇಡಂ, ಹಳೆಯ ತಾರೀಖಿನ ಬಿಲ್ಲು ಮಾಡಿಸಿಕೊಡುತ್ತೇನೆ.’ ದಯವಿಟ್ಟು ಅದನ್ನು ಮಾಡಬೇಡಿ. ಸುಳ್ಳು ದಾಖಲೆ ಸೃಷ್ಟಿಸುವುದು ಭಾರತೀಯ ನ್ಯಾಯ ಸಂಹಿತೆಯ ಕಲಂ 336ರಲ್ಲಿ, ಅದನ್ನು ನಿಜವೆಂದು ಬಳಸುವುದು 340ರಲ್ಲಿ ಅಪರಾಧ. ಮಾಲು ಕೈಬದಲಾಗದೆ ಬಿಲ್ಲು ಬರೆಯುವುದು ಜಿಎಸ್‌ಟಿ ಕಾಯ್ದೆಯಲ್ಲೂ ಅಪರಾಧ. ಅಲ್ಲದೆ ಸುಳ್ಳು ಬಯಲಾಗುವುದು ತೀರಾ ಸುಲಭ. ಜಿಎಸ್‌ಟಿ ಸಂಖ್ಯೆ ಯಾರದೆಂದು ಸರ್ಕಾರಿ ತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ನೀವು ಜಿಎಸ್‌ಟಿ ನೋಂದಾಯಿತರಾಗಿದ್ದರೆ, ಮಾರಿದವನು ರಿಟರ್ನಿನಲ್ಲಿ ತೋರಿಸಿದ ಬಿಲ್ಲು ನಿಮ್ಮ ಜಿಎಸ್‌ಟಿ ಖಾತೆಯ 2ಬಿ ಪಟ್ಟಿಯಲ್ಲಿ ಕಾಣಬೇಕು. ಹಿಂದಿನ ತಾರೀಖು ಹಾಕಿ ಹುಟ್ಟಿಸಿದ ಬಿಲ್ಲು ಆ ತಿಂಗಳ ಪಟ್ಟಿಯಲ್ಲಿ ಕಾಣುವುದಿಲ್ಲ. ಕಾನೂನಿನಲ್ಲಿ ಬರಿಯ ಲಿಸ್ಟಿಂಗ್ ತಪ್ಪಾಗಿದ್ದದ್ದು ಈಗ ಫೋರ್ಜರಿ ಆಯಿತು. ಏಜೆಂಟ್ ಎಲ್ಲಿ? ಅವನ ನಂಬರು ಸ್ವಿಚ್ ಆಫ್.

ಬಿಲ್ಲು ಇಲ್ಲದಿದ್ದರೆ ಇಲ್ಲವೆನ್ನಿ. ಯುಪಿಐ ಪಾವತಿಯ ದಾಖಲೆ, ಪಾರ್ಸೆಲ್ ಆಫೀಸಿನ ರಸೀದಿ ಇದ್ದರೆ ಜೋಡಿಸಿ. ಸಾಲದೆಂದರೆ ಆ ಒಂದು ಲಿಸ್ಟಿಂಗ್ ಹೋಗಲಿ ಬಿಡಿ, ಅಕೌಂಟನ್ನು ಉಳಿಸಿಕೊಳ್ಳಿ. ಗಂಡನ ಹೆಸರಿನಲ್ಲೋ ಅತ್ತೆಯ ಹೆಸರಿನಲ್ಲೋ ಹೊಸ ಅಕೌಂಟು ತೆರೆಯುವ ಉಪಾಯವೂ ಬೇಡ. ವಿಳಾಸ, ಫೋನು, ಬ್ಯಾಂಕು ಹೊಂದಿಸಿ ನೋಡಿ ಎರಡನ್ನೂ ಮುಚ್ಚುತ್ತಾರೆ, ಆಗ ಎರಡು ಕಡೆ ಹಣ ಸಿಕ್ಕಿಕೊಳ್ಳುತ್ತದೆ.

ಕೆಲವೊಮ್ಮೆ ತಪ್ಪು ನಿಮ್ಮದಲ್ಲ, ಎದುರಿನವರದು. ನೀವು ಫೋಟೋ ತೆಗೆದು, ವಿವರಣೆ ಬರೆದು ಬೆಳೆಸಿದ ಲಿಸ್ಟಿಂಗಿಗೆ ಬೇರೆ ಮಾರಾಟಗಾರರು ಬಂದು ಅಂಟಿಕೊಂಡು ಕಡಿಮೆ ಬೆಲೆಗೆ ಮಾರತೊಡಗುತ್ತಾರೆ. ದೆಹಲಿ ಹೈಕೋರ್ಟು 2022ರ ಆಗಸ್ಟಿನಲ್ಲಿ ಆಕಾಶ್ ಅಗರ್‌ವಾಲ್ ಮತ್ತು ಫ್ಲಿಪ್‌ಕಾರ್ಟ್ ನಡುವಿನ ಪ್ರಕರಣದಲ್ಲಿ, ಬ್ರ್ಯಾಂಡ್ ಮಾಲೀಕರ ಒಪ್ಪಿಗೆಯಿಲ್ಲದೆ ಹೀಗೆ ಅಂಟಿಕೊಳ್ಳಲು ಬಿಡಬಾರದೆಂದು ಹೇಳಿತು. ದೂರು ಕೊಡುವಾಗ ಆ ಆದೇಶವನ್ನು ಹೆಸರಿಸಿ. ಇನ್ನು ನಿಮ್ಮ ಮೇಲೆ ಆಧಾರವಿಲ್ಲದೆ ಮೊಕದ್ದಮೆಯ ಬೆದರಿಕೆ ಹಾಕುವವರ ವಿರುದ್ಧ ಟ್ರೇಡ್‌ಮಾರ್ಕ್ ಕಾಯ್ದೆಯ ಕಲಂ 142ರಲ್ಲಿ ನೀವೇ ದಾವೆ ಹೂಡಬಹುದು. ಆದರೆ ನೋಂದಾಯಿತ ಮಾಲೀಕರು ತಡಮಾಡದೆ ನಿಜವಾಗಿಯೂ ಮೊಕದ್ದಮೆ ಹೂಡಿ ನಡೆಸಿದರೆ ಈ ಕಲಂ ಕೆಲಸಕ್ಕೆ ಬರುವುದಿಲ್ಲ.

ನಿಮ್ಮದೇ ಹೆಸರನ್ನು ನೋಂದಾಯಿಸಿಕೊಳ್ಳುವುದು ಅಷ್ಟೇನೂ ದುಬಾರಿಯಲ್ಲ. ಗಿಂಡಿಯಲ್ಲಿರುವ ಟ್ರೇಡ್‌ಮಾರ್ಕ್ ರಿಜಿಸ್ಟ್ರಿ ಪೋರೂರಿನವರಿಗೆ ಕೂಗಳತೆಯಲ್ಲಿದೆ; ಕರ್ನಾಟಕದ ಅರ್ಜಿದಾರರಿಗೂ ಅದೇ ಕಚೇರಿ. ಆನ್‌ಲೈನ್ ಅರ್ಜಿಗೆ ಒಬ್ಬ ವ್ಯಕ್ತಿಗೆ ಅಥವಾ ಸಣ್ಣ ಉದ್ದಿಮೆಗೆ ಒಂದು ವರ್ಗಕ್ಕೆ 4,500 ರೂಪಾಯಿ, ಉಳಿದವರಿಗೆ 9,000. ಅದಕ್ಕಿಂತ ಮೇಲಿನದೆಲ್ಲ ಬರೆದುಕೊಟ್ಟವರ ಜೇಬಿಗೆ. ವರ್ಗ ಸರಿಯಿರಲಿ: ಆಟಿಕೆಗೆ 28, ಅಡುಗೆಮನೆಯ ಪಾತ್ರೆಗೆ 21, ಉಡುಪಿಗೆ 25. ಮಾಲೀಕರ ಜಾಗದಲ್ಲಿ ನಿಮ್ಮ ಹೆಸರೇ ಇದೆಯೇ ನೋಡಿ, ಏಜೆಂಟ್ ತನ್ನ ಹೆಸರು ಹಾಕಿಕೊಂಡದ್ದೂ ಉಂಟು. ಇಮೇಲ್ ಕೂಡ ನಿಮ್ಮದೇ ಇರಲಿ. ರಿಜಿಸ್ಟ್ರಿಯ ಆಕ್ಷೇಪಕ್ಕೆ 30 ದಿನದೊಳಗೆ ಉತ್ತರ ಹೋಗಬೇಕು; ನಿಮ್ಮ ಇಮೇಲ್ ಕೊಡದಿದ್ದರೆ ಆ ಪತ್ರ ಏಜೆಂಟನ ಇಮೇಲ್‌ಗೆ ಬಂದು ಅಲ್ಲೇ ಕೊಳೆತು ಅರ್ಜಿ ಬಿದ್ದುಹೋಗುತ್ತದೆ. ರಿಜಿಸ್ಟ್ರಿಯೂ ಕಡಿಮೆಯೇನಲ್ಲ. ಅಚ್ಚು ಹೊಡೆದಂಥ ಆಕ್ಷೇಪಗಳನ್ನು ಕಳಿಸುವಾಗ ಅರ್ಜಿ ಓದಿದ್ದಾರೋ ಇಲ್ಲವೋ ಎಂದು ಅನುಮಾನ ಬರುತ್ತದೆ. ಅರ್ಜಿ ಹಾಕಿದ ಕೂಡಲೇ ‘ಟಿಎಂ’ ಎಂದು ಹಾಕಿಕೊಳ್ಳಬಹುದು. ವೃತ್ತದೊಳಗಿನ ‘ಆರ್’ ಮಾತ್ರ ನೋಂದಣಿಯಾಗುವವರೆಗೆ ಬೇಡ, ಅದಕ್ಕೆ ದಂಡ ಉಂಟು.

ಚನ್ನಪಟ್ಟಣದ ಗೊಂಬೆ ಮಾರುವವರಿಗೆ ಇನ್ನೊಂದು ಮಾತು. ಆ ಹೆಸರಿಗೆ ಭೌಗೋಳಿಕ ಸೂಚಕದ ರಕ್ಷಣೆ ಇದೆ. ಅಲ್ಲಿನ ಅಧಿಕೃತ ತಯಾರಕರಿಂದ ಕೊಂಡ ಅಸಲಿ ಗೊಂಬೆಯನ್ನು ಅದೇ ಹೆಸರಿನಲ್ಲಿ ಮಾರಬಹುದು, ಬಿಲ್ಲು ಇಟ್ಟುಕೊಳ್ಳಿ. ಆದರೆ ‘ಚನ್ನಪಟ್ಟಣ’ವನ್ನು ನಿಮ್ಮ ಬ್ರ್ಯಾಂಡ್ ಖಾನೆಯಲ್ಲಿ ತುಂಬಬೇಡಿ. ಬೇರೆ ಊರಿನ ಬಣ್ಣದ ಮರದ ಗೊಂಬೆಗೆ ಆ ಹೆಸರಿಟ್ಟರೆ ಶಿಕ್ಷೆ ನಕಲಿ ಟ್ರೇಡ್‌ಮಾರ್ಕಿಗಿರುವಷ್ಟೇ.

ಕೆಲವರ ಮನೆಗೆ ‘ಬ್ರ್ಯಾಂಡ್ ಕಡೆಯವರು’ ಪೊಲೀಸರನ್ನು ಕರೆದುಕೊಂಡೇ ಬರುತ್ತಾರೆ. ಇಲ್ಲಿ ಹೆದರಿದವರೇ ಹೆಚ್ಚು ಹಣ ಕಳೆದುಕೊಳ್ಳುವುದು. ಟ್ರೇಡ್‌ಮಾರ್ಕ್ ಕಾಯ್ದೆಯ ಕಲಂ 115(4)ರಲ್ಲಿ ವಾರಂಟ್ ಇಲ್ಲದೆ ಶೋಧಿಸಿ ಜಪ್ತಿ ಮಾಡುವ ಅಧಿಕಾರ ಇರುವುದು ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಗೆ, ಅದೂ ಮೊದಲು ರಿಜಿಸ್ಟ್ರಾರ್ ಅವರ ಅಭಿಪ್ರಾಯ ಪಡೆದ ಮೇಲೆ. ‘ಆ ಅಭಿಪ್ರಾಯ ತೋರಿಸಿ’ ಎಂದು ವಿನಯವಾಗಿ ಕೇಳಿ. ಜಪ್ತಿಯಾದರೆ 15 ದಿನದೊಳಗೆ ಮ್ಯಾಜಿಸ್ಟ್ರೇಟರಲ್ಲಿ ಮಾಲು ಹಿಂದಿರುಗಿಸಲು ಅರ್ಜಿ ಹಾಕಬಹುದು. ಈ ಕಟ್ಟುಪಾಡು ಗೊತ್ತಿರುವುದರಿಂದಲೇ ಬ್ರ್ಯಾಂಡ್ ಕಡೆಯವರು ಲೋಗೋ ಒಂದು ಕಲಾಕೃತಿ ಎಂದು ಹೇಳಿ ಕಾಪಿರೈಟ್ ಕಾಯ್ದೆಯಡಿ ದೂರು ಬರೆಸುತ್ತಾರೆ. ಅಲ್ಲಿ ಸಬ್‌ಇನ್‌ಸ್ಪೆಕ್ಟರ್ ಕೂಡ ಜಪ್ತಿ ಮಾಡಬಹುದು, ಆ ಕಾಯ್ದೆಯ ಕಲಂ 63 ಜಾಮೀನುರಹಿತವೆಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿದೆ. ಹಾಗಾಗಿ ಯಾವ ಕಾಯ್ದೆ, ಯಾವ ಕಲಂ ಎಂದು ಕೇಳಿ ಬರೆದುಕೊಳ್ಳಿ. ಮಹಜರಿನ ಪ್ರತಿ ಪಡೆಯಿರಿ. ಖಾಲಿ ಕಾಗದಕ್ಕೆ ಸಹಿ ಬೇಡ, ಅಲ್ಲೇ ‘ಸೆಟ್ಲ್‌ಮೆಂಟ್’ ಎಂದು ನಗದು ಕೊಡುವುದು ಬೇಡವೇ ಬೇಡ.

ತಡೆಹಿಡಿದ ಹಣದ ವಿಷಯದಲ್ಲಿ ಜನ ತಪ್ಪು ಬಾಗಿಲು ತಟ್ಟುತ್ತಾರೆ. 2020ರ ಇ-ಕಾಮರ್ಸ್ ನಿಯಮಗಳಲ್ಲಿ ದೂರಿಗೆ 48 ಗಂಟೆಯಲ್ಲಿ ಸ್ವೀಕೃತಿ, ಒಂದು ತಿಂಗಳಲ್ಲಿ ಪರಿಹಾರ ಎಂದಿರುವುದು ಗ್ರಾಹಕರಿಗೆ, ಮಾರುವವರಿಗಲ್ಲ. ಗ್ರಾಹಕ ಆಯೋಗದಲ್ಲೂ ನಿಮ್ಮ ದೂರು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಸಣ್ಣ ಉದ್ದಿಮೆಯ ‘ಉದ್ಯಮ್’ ಪ್ರಮಾಣಪತ್ರ ಹಿಡಿದು ಸರ್ಕಾರದ ಬಾಕಿ ವಸೂಲಿ ತಾಣಕ್ಕೆ ಹೋದರೆ, ಅದು ನಿಮ್ಮಿಂದ ಮಾಲು ಕೊಂಡವರ ವಿರುದ್ಧ. ಮಾರುಕಟ್ಟೆ ನಿಮ್ಮಿಂದ ಕೊಂಡಿಲ್ಲ. ನಿಮ್ಮ ಹಕ್ಕು ಹುಟ್ಟುವುದು ಒಪ್ಪಂದದಿಂದ. ಅದರಲ್ಲಿ ಮಧ್ಯಸ್ಥಿಕೆಯ (ಆರ್ಬಿಟ್ರೇಷನ್) ಷರತ್ತು ಇದೆಯೇ, ಯಾವ ಊರಿನ ಕೋರ್ಟು ಎಂದು ನೋಡಿ. ಫ್ಲಿಪ್‌ಕಾರ್ಟ್, ಮೀಶೋಗಳ ಮುಖ್ಯ ಕಚೇರಿ ಬೆಂಗಳೂರಿನಲ್ಲಿದೆ. ಕೋರ್ಟಿಗೆ ಹೋಗುವುದಾದರೆ, ಮೂರು ಲಕ್ಷ ಅಥವಾ ಅದಕ್ಕೂ ಮೇಲಿನ ವಾಣಿಜ್ಯ ವ್ಯಾಜ್ಯಕ್ಕೆ ತುರ್ತು ತಡೆಯಾಜ್ಞೆ ಕೇಳದಿದ್ದರೆ ಮೊದಲು ಸಂಧಾನಕಾರರ ಮುಂದೆ ಸಂಧಾನ (ಮೀಡಿಯೇಷನ್) ಆಗಲೇಬೇಕು. ಲಾಗಿನ್ ಪೂರ್ತಿ ಮುಚ್ಚುವ ಮೊದಲೇ ಮಾರಾಟದ ವರದಿ, ಬಾಕಿ ಹಣದ ಲೆಕ್ಕ, ಬಂದ ಮೇಲ್‌ಗಳನ್ನೆಲ್ಲ ಇಳಿಸಿಟ್ಟುಕೊಳ್ಳಿ. ಆಮೇಲೆ ಸಿಗುವುದಿಲ್ಲ.

ವಕೀಲರ ಶುಲ್ಕಕ್ಕೆ ಹೆದರಿ ಏಜೆಂಟನ ಬಳಿ ಹೋಗುವವರಿಗೆ ಒಂದು ಮಾತು. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ, 1987ರ ಕಲಂ 12ರಂತೆ ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ಸಹಾಯವಾಣಿ 15100. ಆ ಮೇಲ್‌ಗೆ ಉತ್ತರ ಕಳಿಸುವ ಮೊದಲು ಕರೆ ಮಾಡಿ.