ಹೂವಿನ ಚಹಾ, ಹಣ್ಣಿನ ಕಷಾಯ

ಗೋಕಾಕ ತಾಲೂಕಿನ ಅಂಕಲಗಿಯ ಮನೆಗಳಲ್ಲಿ ಯಾರಿಗಾದರೂ ನೆಗಡಿಯಾದರೆ ಒಲೆಯ ಮೇಲೆ ಕಷಾಯದ ಪಾತ್ರೆ ಏರುತ್ತದೆ. ಶುಂಠಿ, ಮೆಣಸು, ಜೀರಿಗೆಗಳನ್ನು ಜಜ್ಜಿ ನೀರಿಗೆ ಹಾಕಿ, ಆ ನೀರು ಅರ್ಧಕ್ಕಿಳಿಯುವವರೆಗೆ ಕುದಿಸುವುದು ನಾವೆಲ್ಲರೂ ಕಂಡ ಸಂಗತಿ. ಆಹಾರವೇ ಔಷಧವಾಗುವ ಇಂತಹ ಪದ್ಧತಿ ಚೀನಾದಲ್ಲಿಯೂ ಬಹು ಹಿಂದಿನಿಂದ ಬಂದಿದೆ. ವೈದ್ಯನು ಮೊದಲು ಆಹಾರದಿಂದ ಚಿಕಿತ್ಸೆ ಮಾಡಬೇಕು, ಅದು ಫಲಿಸದಿದ್ದಾಗ ಮಾತ್ರ ಔಷಧವನ್ನು ಕೊಡಬೇಕು ಎಂದು 7ನೆಯ ಶತಮಾನದ ಚೀನೀ ವೈದ್ಯ ಸುನ್ ಸಿಮಿಯಾವ್ ಬೋಧಿಸಿದನು. ಮನಸ್ಸಿನ ಉದ್ವೇಗವನ್ನು ತಗ್ಗಿಸಲೆಂದು ಅಲ್ಲಿಯ ಜನರು ಕುಡಿಯುವ ಎರಡು ಪಾನೀಯಗಳನ್ನು ಈಗ ಪರಿಶೀಲಿಸೋಣ.

ಮೊದಲನೆಯದು ಸೇವಂತಿಗೆಯ ಚಹಾ. ಇದರಲ್ಲಿ ಚಹಾ ಎಲೆ ಇರುವುದೇ ಇಲ್ಲ. ಒಣಗಿಸಿದ ನಾಲ್ಕೈದು ಹೂಗಳನ್ನು ಲೋಟದಲ್ಲಿಟ್ಟು, ಆಗತಾನೆ ಕುದಿದಿಳಿದ ನೀರನ್ನು ಹೊಯ್ದು, ಮುಚ್ಚಳವಿಟ್ಟು ಐದು ನಿಮಿಷ ಬಿಡುತ್ತಾರೆ. ಬಳಿಕ ಸೋಸಿ ಕುಡಿಯುತ್ತಾರೆ. ಎರಡನೆಯದು ಕೆಂಪು ಜುಜುಬೆ ಹಣ್ಣಿನ ಕಷಾಯ. ಒಣಗಿದ ಐದಾರು ಹಣ್ಣುಗಳನ್ನು ಸೀಳಿ, ಬೀಜ ತೆಗೆದು, ಮೂರು ಲೋಟ ನೀರಿನಲ್ಲಿ ಸಣ್ಣ ಉರಿಯ ಮೇಲೆ ಸುಮಾರು 20 ನಿಮಿಷ ಕುದಿಸಬೇಕು. ಇದನ್ನು ಚೀನೀ ಖರ್ಜೂರವೆಂದು ಕರೆಯುವುದುಂಟು. ಆದರೆ ಇದು ನಮ್ಮ ಉತ್ತತ್ತಿಯ ಬಂಧುವಲ್ಲ. ಹೊಲದ ಬದುವಿನಲ್ಲಿ ಮಕ್ಕಳು ಆಯ್ದು ತಿನ್ನುವ ಬಾರಿಹಣ್ಣಿನ ಬಂಧು. ಎರಡೂ ಜಿಜಿಫಸ್ ಕುಲಕ್ಕೆ ಸೇರಿವೆ.

ಹೂವನ್ನು ಕುದಿಸದೆ ಹಣ್ಣನ್ನು ಮಾತ್ರ ಕುದಿಸುವುದೇಕೆ? ಹೂವಿನ ಎಸಳು ತೆಳುವಾದುದು. ಬಿಸಿನೀರು ಅದರೊಳಕ್ಕೆ ಕ್ಷಣದಲ್ಲಿ ಇಳಿದು ಬಣ್ಣ ರುಚಿಗಳನ್ನು ಕರಗಿಸಿಕೊಳ್ಳುತ್ತದೆ. ಹೂವಿನ ಪರಿಮಳವಾದರೋ ಬೇಗ ಆವಿಯಾಗುವ ತೈಲಗಳಿಂದ ಬಂದುದು. ತೆರೆದ ಪಾತ್ರೆಯಲ್ಲಿ ಕುದಿಸಿದರೆ ಅದು ಹಬೆಯೊಡನೆ ಹಾರಿಹೋಗುತ್ತದೆ. ಮುಚ್ಚಳವಿಡುವುದು ಇದಕ್ಕಾಗಿಯೇ. ಹಣ್ಣಿನ ತಿರುಳು ದಪ್ಪ. ಒಣಗಿದ ಸಿಪ್ಪೆ ಬಿರುಸು. ಅದರ ಒಳಗಿನ ಸಕ್ಕರೆ ಮೊದಲಾದ ದ್ರವ್ಯಗಳು ಹೊರಬರಲು ಶಾಖವೂ ಬೇಕು, ಸಮಯವೂ ಬೇಕು. ನಮ್ಮ ಆಯುರ್ವೇದವೂ ಈ ಭೇದವನ್ನು ಗುರುತಿಸಿದೆ: ಬಿಸಿನೀರಿನಲ್ಲಿ ನೆನೆಯಿಸಿ ಸೋಸಿದುದು ಫಾಂಟ, ಕುದಿಸಿ ಬತ್ತಿಸಿದುದು ಕ್ವಾಥ. ವಸ್ತುವಿನ ಗುಣವೇ ವಿಧಾನವನ್ನು ನಿರ್ಣಯಿಸುತ್ತದೆ.

ಸುಮಾರು ಕ್ರಿ.ಶ. 200ರ ಹೊತ್ತಿಗೆ ಝಾಂಗ್ ಝೋಂಗ್‌ಜಿಂಗ್ ಎಂಬ ವೈದ್ಯನು ಕಾರಣವಿಲ್ಲದೆ ಅಳುವ, ಕಳವಳಪಡುವ ರೋಗಿಗಳಿಗಾಗಿ ಒಂದು ಕಷಾಯವನ್ನು ಹೇಳಿದ್ದಾನೆ. ಅದರಲ್ಲಿ ಇರುವುವು ಮೂರೇ: ಜ್ಯೇಷ್ಠಮಧು, ಗೋಧಿ ಮತ್ತು ಹತ್ತು ಜುಜುಬೆ ಹಣ್ಣುಗಳು. ಆರು ಅಳತೆ ನೀರು ಮೂರಕ್ಕಿಳಿಯುವವರೆಗೆ ಅದನ್ನು ಕುದಿಸಬೇಕು. ಜ್ಯೇಷ್ಠಮಧು ಮತ್ತು ಗೋಧಿ ನಮ್ಮ ಸಂತೆಯಲ್ಲಿಯೂ ದೊರೆಯುವ ಪದಾರ್ಥಗಳೇ ಅಲ್ಲವೆ?

ಹಾಗಾದರೆ ಇವುಗಳಿಂದ ಮನಸ್ಸು ನಿಜವಾಗಿ ಶಾಂತವಾಗುವುದೆ? ಇಲ್ಲಿ ನಾವು ಎಚ್ಚರದಿಂದ ಹೆಜ್ಜೆಯಿಡಬೇಕು. ಚೀನಾದಲ್ಲಿ ಸೇವಂತಿಗೆಯನ್ನು ತಂಪೆಂದೂ ಜುಜುಬೆಯನ್ನು ಉಷ್ಣವೆಂದೂ ಎಣಿಸುತ್ತಾರೆ. ಇದು ಉಷ್ಣಮಾಪಕದಿಂದ ಅಳೆದ ಮಾತಲ್ಲ, ದೇಹದ ಅನುಭವವನ್ನು ವಿಂಗಡಿಸಿದ ಮಾತು. ಒಂದು ಲೋಟ ಹೂವಿನ ಚಹಾ ಉದ್ವೇಗವನ್ನು ಗುಣಪಡಿಸುವುದೆಂದು ಹೇಳಲು ಸಾಕಷ್ಟು ಪ್ರಮಾಣಗಳಿಲ್ಲ. ಆದರೆ ಖಚಿತವಾಗಿ ತಿಳಿದ ಕಾರಣವೊಂದುಂಟು. ನಾವು ದಿನವೂ ಕುಡಿಯುವ ಚಹಾದಲ್ಲಿ ಕೆಫೀನ್ ಇದೆ. ನಿದ್ರೆಯನ್ನು ತರುವ ಅಡೆನೊಸಿನ್ ಎಂಬ ದ್ರವ್ಯದ ಕೆಲಸಕ್ಕೆ ಅದು ಮಿದುಳಿನಲ್ಲಿ ಅಡ್ಡಬರುತ್ತದೆ. ಕುಡಿದ ಕೆಫೀನಿನ ಅರ್ಧಭಾಗ ದೇಹದಿಂದ ನಿವಾರಣೆಯಾಗಲು ಸುಮಾರು ಐದು ಗಂಟೆ ಬೇಕು. ಪರೀಕ್ಷೆಯ ಕಾಲದಲ್ಲಿ ರಾತ್ರಿ ಒಂಬತ್ತಕ್ಕೆ ಚಹಾ ಕುಡಿದ ವಿದ್ಯಾರ್ಥಿಗೆ ನಡುರಾತ್ರಿಯಲ್ಲಿ ನಿದ್ರೆ ಬಾರದಿದ್ದರೆ ಆಶ್ಚರ್ಯವೇನು? ಅದರ ಬದಲು ಹೂವಿನ ಚಹಾ ಕುಡಿದರೆ ಮೊದಲ ಲಾಭ ಕೆಫೀನ್ ತಪ್ಪಿದುದರಿಂದಲೇ ಬಂದುದು. ಬಿಸಿಯಾದ ಪಾನೀಯವನ್ನು ನಿಧಾನವಾಗಿ ಗುಟುಕರಿಸುವ ಬಿಡುವೂ ಅದಕ್ಕೆ ನೆರವಾಗುತ್ತದೆ.

ಇದನ್ನು ನೀವೇ ಪರೀಕ್ಷಿಸಬಹುದು. ಒಂದು ವಾರ ಸಂಜೆ ಎಂದಿನಂತೆ ಚಹಾ ಕುಡಿಯಿರಿ; ಮರುವಾರ ಬರಿಯ ಬಿಸಿನೀರು; ಮೂರನೆಯ ವಾರ ಹೂವಿನ ಚಹಾ. ಮಲಗಿದ ಮತ್ತು ಎದ್ದ ಹೊತ್ತನ್ನು ದಿನವೂ ಬರೆದಿಡಿರಿ. ಎರಡನೆಯ ಮತ್ತು ಮೂರನೆಯ ವಾರಗಳಲ್ಲಿ ಭೇದ ಕಾಣದಿದ್ದರೆ, ಗುಣ ಯಾವುದರದೆಂದು ಊಹಿಸುವುದು ಕಷ್ಟವಲ್ಲ. ಆದರೂ ಒಬ್ಬರ ಅನುಭವ ಎಲ್ಲರಿಗೂ ಸಿದ್ಧಾಂತವಾಗದೆಂಬುದನ್ನು ಮರೆಯಬಾರದು.

ಕೆಲವು ಎಚ್ಚರಿಕೆಗಳು ಅವಶ್ಯ. ಮಾಲೆಗಾಗಿ ಮಾರುವ ಸೇವಂತಿಗೆಗೆ ಕೀಟನಾಶಕ ಸಿಂಪಡಿಸಿರಬಹುದು. ಕುಡಿಯುವುದಕ್ಕೆಂದೇ ಒಣಗಿಸಿದ ಹೂವನ್ನಷ್ಟೇ ಬಳಸಬೇಕು. ಈ ಜಾತಿಯ ಹೂಗಳು ಕೆಲವರ ಮೈಗೆ ಒಗ್ಗುವುದಿಲ್ಲ. ಗುರುತಿಲ್ಲದ ಹೂವನ್ನು ಎಂದಿಗೂ ಪಾತ್ರೆಗೆ ಹಾಕಬಾರದು: ಅಂಗಳದ ಕಣಗಿಲೆಯ ಹೂವೂ ಎಲೆಯೂ ಹೃದಯಕ್ಕೆ ಘೋರ ವಿಷ. ಜ್ಯೇಷ್ಠಮಧುವನ್ನು ಬಹುದಿನ ಸೇವಿಸಿದರೆ ರಕ್ತದ ಒತ್ತಡ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ವಾರಗಟ್ಟಲೆ ನಿದ್ರೆ ಬಾರದೆ ಕಳವಳ ಉಳಿದರೆ ವೈದ್ಯರ ಬಳಿಗೆ ಹೋಗುವುದೇ ಸರಿ.

ಹಿರಿಯರ ಕಷಾಯವನ್ನು ಕಣ್ಣುಮುಚ್ಚಿ ನಂಬುವುದೂ ಬೇಡ, ಕಾಣದೆ ತಳ್ಳಿಹಾಕುವುದೂ ಬೇಡ. ಪಾತ್ರೆಯ ಮುಚ್ಚಳವನ್ನು ಏಕೆ ಇಡುತ್ತಾರೆಂದು ಕೇಳಿದ ದಿನವೇ ಅಡುಗೆಮನೆ ನಮಗೆ ಪ್ರಯೋಗಶಾಲೆಯಾಗುತ್ತದೆ.