ಕಂತಿನ ಟ್ಯಾಬ್ಲೆಟ್ ಬೇಡ, ಉತ್ತರಪತ್ರಿಕೆ ನೋಡಿ

ಪ್ರಶ್ನೆ: ನಾವು ಅರಕಲಗೂಡು ತಾಲ್ಲೂಕಿನ ಹಳ್ಳಿಯವರು. ಆಲೂಗೆಡ್ಡೆ, ಹೊಗೆಸೊಪ್ಪು ಬೆಳೆಯುತ್ತೇವೆ. ಮಗಳು ಸರ್ಕಾರಿ ಪ್ರೌಢಶಾಲೆಯಲ್ಲಿ ಒಂಬತ್ತನೇ ತರಗತಿ. ಗಣಿತದಲ್ಲಿ ತುಂಬ ಹಿಂದೆ. ಹಾಸನದಿಂದ ಬಂದ ಕಂಪನಿಯವರು ಟ್ಯಾಬ್ಲೆಟ್ ಜೊತೆ ಎರಡು ವರ್ಷದ ಪಾಠ ಕೊಡುತ್ತೇವೆ, ಕಂತಿನಲ್ಲಿ ಕಟ್ಟಿ ಎನ್ನುತ್ತಾರೆ. ಹೊಳೆನರಸೀಪುರದ ತಂಗಿ, ಚನ್ನರಾಯಪಟ್ಟಣದ ಭಾವ ತಮ್ಮ ಮಕ್ಕಳಿಗೆ ಕೊಡಿಸಿದ್ದಾರೆ. ನಮ್ಮಲ್ಲಿರುವುದು ಒಂದೇ ಫೋನು. ಕೊಡಿಸದಿದ್ದರೆ ಮಗಳಿಗೆ ಅನ್ಯಾಯವಾಗುತ್ತದೆಯೇ?

ಉತ್ತರ: ಇಲ್ಲ ತಾಯಿ. ಕಂತಿನ ಕಾಗದಕ್ಕೆ ಸಹಿ ಹಾಕಬೇಡಿ. ಇಂಥ ಪ್ಯಾಕೇಜುಗಳ ಬಗ್ಗೆ ಎಚ್ಚರದಿಂದಿರಿ, ಬ್ಯಾಂಕ್ ಖಾತೆಯಿಂದ ತಾನಾಗಿ ಹಣ ಕಡಿತವಾಗುವುದಕ್ಕೆ ಒಪ್ಪಬೇಡಿ ಎಂದು ಕೇಂದ್ರ ಶಿಕ್ಷಣ ಸಚಿವಾಲಯವೇ 2021ರ ಡಿಸೆಂಬರ್‌ನಲ್ಲಿ ಪೋಷಕರಿಗೆ ಹೇಳಿತ್ತು.

ತಂತ್ರಜ್ಞಾನದ ಮೇಲೆ ನನಗೆ ನಂಬಿಕೆಯಿದೆ. ಮಗು ಯಾವ ಹಂತದಲ್ಲಿ ಎಡವುತ್ತಿದೆ ಎಂದು ಗುರುತಿಸಿ, ಅಲ್ಲಿಂದಲೇ ಮತ್ತೆ ಕಲಿಸುವುದು ಅದರ ನಿಜವಾದ ಶಕ್ತಿ. ಬೀಜಗಣಿತದಲ್ಲಿ ಸೋಲುವ ಎಷ್ಟೋ ಮಕ್ಕಳ ತೊಡಕು ಆರನೇ ತರಗತಿಯ ಭಿನ್ನರಾಶಿಯಲ್ಲೋ ಋಣಸಂಖ್ಯೆಯಲ್ಲೋ ಇರುತ್ತದೆ. ಅಂಥ ಮಗುವಿಗೆ ಒಂಬತ್ತರ ವಿಡಿಯೊ ಎಷ್ಟು ತೋರಿಸಿದರೂ ತಲೆಗೆ ಹತ್ತುವುದಿಲ್ಲ.

ಶಾಲೆಯವರು ಪ್ರತಿ ಮಗುವಿನ ಅಂಕಗಳನ್ನು ಎಸ್‌ಎಟಿಎಸ್ ಎಂಬ ಸರ್ಕಾರಿ ತಂತ್ರಾಂಶಕ್ಕೆ ಸೇರಿಸುತ್ತಾರೆ. ಹತ್ತಕ್ಕೆ ನಾಲ್ಕು ಬಂತೆಂಬುದು ಅದರಿಂದ ತಿಳಿಯುತ್ತದೆ. ಉಳಿದ ಆರು ಎಲ್ಲಿ ಹೋಯಿತೆಂಬುದು ಉತ್ತರಪತ್ರಿಕೆಯಲ್ಲಷ್ಟೇ ಇರುತ್ತದೆ. ಆದ್ದರಿಂದ ಗಣಿತದ ಮೇಷ್ಟ್ರ ಬಳಿ ಮಗಳ ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನದ) ಉತ್ತರಪತ್ರಿಕೆಗಳನ್ನು ಕೇಳಿ ನೋಡಿ. ತಪ್ಪಿದ ಲೆಕ್ಕಗಳನ್ನೆಲ್ಲ ಅವಳು ಒಂದು ನೋಟ್‌ಬುಕ್ಕಿಗೆ ಬರೆದುಕೊಳ್ಳಲಿ, ಪಕ್ಕದಲ್ಲಿ ಎಲ್ಲಿ ತಪ್ಪಿತೆಂದು ಗುರುತು ಹಾಕಲಿ. ಒಂದೇ ಬಗೆಯ ತಪ್ಪು ಮತ್ತೆ ಮತ್ತೆ ಕಾಣಿಸಿದರೆ ಕಲಿಯಬೇಕಾದ್ದು ಅದನ್ನೇ.

ಆಮೇಲೆ ನಿಮ್ಮ ಒಂದೇ ಫೋನು ಸಾಕು. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ದೀಕ್ಷಾ ಆ್ಯಪ್‌ನಲ್ಲಿ ಪಾಠಕ್ಕೆ ಸಂಬಂಧಿಸಿದ ಸಾಮಗ್ರಿ ಉಚಿತವಾಗಿ ಸಿಗುತ್ತದೆ. ಹಿಂದಿನ ತರಗತಿಗಳ ಪುಸ್ತಕಗಳು ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿವೆ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ‘ಫೆಟ್’ ಎಂಬ ತಾಣದಲ್ಲಿ ಗಣಿತ, ವಿಜ್ಞಾನದ ಪ್ರಯೋಗಗಳನ್ನು ಬೆರಳಲ್ಲೇ ಆಡಿಸಿ ನೋಡಬಹುದು. ಕನ್ನಡದಲ್ಲೂ ಇವೆ, ದುಡ್ಡಿಲ್ಲ. ರಾತ್ರಿ ಊಟಕ್ಕೆ ಮುಂಚೆ ಅರ್ಧ ಗಂಟೆ ಫೋನು ಅವಳದಾಗಲಿ. ನೋಡಿದ ಮೇಲೆ ಪುಸ್ತಕ ಮುಚ್ಚಿ ನಾಲ್ಕು ಲೆಕ್ಕ ಕೈಯಾರೆ ಮಾಡಲೇಬೇಕು. ಅದು ತಪ್ಪಿದರೆ ಯಾವ ಆ್ಯಪೂ ಉಪಯೋಗಕ್ಕಿಲ್ಲ.

ಇನ್ನೊಂದು ಮಾತು. ಮಾರಲು ಬಂದವರು ಮಗಳ ಅಂಕ, ಫೋನ್ ನಂಬರು, ಫೋಟೊ ಕೇಳಿದರೆ ಕೊಡಬೇಡಿ. 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಬೇಡ ಎನ್ನುವ ಅಧಿಕಾರ ನಿಮ್ಮದು.

ತಂಗಿ, ಭಾವ ಕೊಡಿಸಿದರೆಂದು ಸಂಕೋಚಪಡಬೇಡಿ. 2019ರ ಎಸ್ಸೆಸ್ಸೆಲ್ಸಿಯಲ್ಲಿ ಹಾಸನ ಜಿಲ್ಲೆ ರಾಜ್ಯಕ್ಕೇ ಮೊದಲ ಸ್ಥಾನ ಪಡೆಯಿತು. ನಿಮ್ಮ ಮಗಳು ಓದುತ್ತಿರುವಂಥ ಸರ್ಕಾರಿ ಶಾಲೆಗಳ ಮಕ್ಕಳೂ ಆ ಫಲಿತಾಂಶದಲ್ಲಿ ಪಾಲುದಾರರು. ಹತ್ತನೇ ತರಗತಿಗೆ ಇನ್ನೂ ಸಮಯವಿದೆ. ಈ ವಾರವೇ ಬಿಡುವು ಮಾಡಿಕೊಂಡು ಮೇಷ್ಟ್ರನ್ನು ಕಾಣಿ, ಮಗಳನ್ನೂ ಜೊತೆಗೆ ಕೂರಿಸಿಕೊಳ್ಳಿ.